ನಗಿಸುವವನೇ ಜಾದೂಗಾರ

“ಜಮೂರೇ!”

“ಜೀ ಉಸ್ತಾದ್!”

“ಘೂಮ್ ಜಾ!”

“ಘೂಮ್ ಗಯಾ!”

“ಜೋ ಪೂಛೂಂಗಾ, ಬತಾಯೇಗಾ?”

“ಬತಾಯೇಗಾ!”

ಮುಂಬಯಿಯಲ್ಲಿ ಆಯುಷ್ಯ ಕಳೆದ ಯಾವ ಹಿರಿಯರ ಮುಂದಾದರೂ ಬೀದಿ ಜಾದೂವಿನ ಈ ಮಾತುಕತೆಯ ಮೊದಲ ಸಾಲು ಹೇಳಿ ನೋಡಿ. ಎರಡನೆಯದು ಅವರ ಬಾಯಿಂದ ತಾನಾಗಿ ಹೊರಡುತ್ತದೆ. ಚೌಪಾಟಿಯ ಮರಳಿನಲ್ಲಿ, ಕೋಟೆ ಭಾಗದ ಫುಟ್‌ಪಾತಿನಲ್ಲಿ, ಉಪನಗರದ ಸ್ಟೇಷನ್ನುಗಳ ಹೊರಗೆ ಡಮರು ಬಡಿದರೆ ಸಾಕಿತ್ತು. ಹೊಟೇಲಿನ ಕೆಲಸ ಮುಗಿಸಿ ಕನ್ನಡ ರಾತ್ರಿಶಾಲೆಗೆ ಹೊರಟ ಉಡುಪಿಯ ಹುಡುಗನೂ ನಿಲ್ಲುತ್ತಿದ್ದ, ಲೋಕಲ್ ಹಿಡಿಯಲು ಓಡುತ್ತಿದ್ದ ಗುಮಾಸ್ತನೂ ನಿಲ್ಲುತ್ತಿದ್ದ. ವೃತ್ತದ ನಡುವೆ ಒಬ್ಬ ಉಸ್ತಾದ್, ಅವನ ಜೊತೆಗೊಬ್ಬ ಹುಡುಗ, ಜಮೂರಾ. ಒಬ್ಬ ಗದರುವವನು, ಒಬ್ಬ ನಗಿಸುವವನು. ಈ ದೇಶದ ಬಹಳ ಹಳೆಯ ಹಾಸ್ಯ-ಜಾದೂ ಜೋಡಿ ಇದು. ಇದಕ್ಕೆ ಪೋಸ್ಟರಿಲ್ಲ, ಮ್ಯಾನೇಜರಿಲ್ಲ. ಹೆಸರು ಕೂಡ ವ್ಯಕ್ತಿಯದಲ್ಲ, ಪಾತ್ರದ್ದು.

ನೋಡುವವರಿಗೆ ಜಾದೂ ಮಾಡುವವನು ಉಸ್ತಾದ್ ಎಂದೇ ಅನಿಸುತ್ತದೆ. ಜಮೂರಾ ಏನಿದ್ದರೂ ಊಟದೆಲೆಯ ಉಪ್ಪಿನಕಾಯಿ. ಆದರೆ ಈ ಆಟದ ಒಳಹೊಕ್ಕು ನೋಡಿದರೆ, ಅಬ್ಬಾ, ಲೆಕ್ಕವೆಲ್ಲ ತಲೆಕೆಳಗಾಗುತ್ತದೆ! ಆ ಬಯಲಿನಲ್ಲಿ ನಿಜವಾದ ಕೆಲಸ ನಡೆಸುತ್ತಿರುವವನು ಆ ಹುಡುಗ. ಅವನ ಹಾಸ್ಯ ಇಲ್ಲದಿದ್ದರೆ ಉಸ್ತಾದನ ಕೈಚಳಕ ಎರಡು ನಿಮಿಷ ಬಾಳದು.

ಮೊದಲು ಜಾಗವನ್ನು ಕಣ್ಣಮುಂದೆ ತಂದುಕೊಳ್ಳಿ. ರಂಗಮಂದಿರದ ಜಾದೂಗಾರನಿಗೆ ಪರದೆಯಿದೆ, ದೀಪವಿದೆ, ಬೆನ್ನ ಹಿಂದೆ ಕಪ್ಪು ಬಟ್ಟೆಯಿದೆ. ನೋಡುವವರೆಲ್ಲ ಎದುರಿಗೇ ಕೂತಿರುತ್ತಾರೆ. ‘ಕಾರ್ಟರ್ ದಿ ಗ್ರೇಟ್’ ಎಂದು ಹೆಸರಾಗಿದ್ದ ಅಮೆರಿಕದ ಚಾರ್ಲ್ಸ್ ಕಾರ್ಟರ್ ಟನ್ನುಗಟ್ಟಲೆ ಸಾಮಾನನ್ನು ಹಡಗಿಗೆ ಹೇರಿಕೊಂಡು ಲೋಕ ಸುತ್ತುತ್ತಿದ್ದ. ಅವನ ಕೊನೆಯ ಪ್ರವಾಸ ಮುಗಿದದ್ದು ಮುಂಬಯಿಯಲ್ಲಿ. 1936ರ ಫೆಬ್ರವರಿಯಲ್ಲಿ ಹೃದಯಾಘಾತವಾಗಿ ಇಲ್ಲೇ ತೀರಿಕೊಂಡ. ಅದೇ ಊರಿನ ಬೀದಿಯ ಉಸ್ತಾದನ ಸರಂಜಾಮೆಲ್ಲ ಒಂದು ಜೋಳಿಗೆಗೆ ಹಿಡಿಸುತ್ತದೆ! ಮೂರು ಬಟ್ಟಲು, ನಾಲ್ಕಾರು ಬಟ್ಟೆಯ ಗೋಲಿ, ಒಂದು ಚಾದರ, ಒಂದು ಚಾಕು, ಡಮರು. ಬುಟ್ಟಿಯೊಂದು ಬೇರೆ ಇದ್ದರೆ ಅದು ಹುಡುಗನ ತಲೆಯ ಮೇಲೆ. ಆಡುವಾಗ ನಾಲ್ಕೂ ದಿಕ್ಕಿಗೆ ಜನ. ನೆತ್ತಿಯ ಮೇಲೆ ಬಿಸಿಲು. ಬೆನ್ನ ಹಿಂದೆ ನಿಂತ ಮಗುವಿನ ಕಣ್ಣು ಅವನ ಮೊಣಕೈಗೆ ಒಂದು ಮಾರು ದೂರದಲ್ಲಿ. ಟಿಕೆಟ್ ಕೊಂಡು ಬಂದವರು ಯಾರೂ ಇಲ್ಲ, ಬೇಸರ ಬಂದರೆ ಎದ್ದು ನಡೆದಾರು. ಇಂಥ ಕಡೆ ಅಷ್ಟೊಂದು ಕಣ್ಣುಗಳನ್ನು ಒಂದೇ ಸಲಕ್ಕೆ ತಪ್ಪಿಸುವುದು ಹೇಗೆ?

ನಗಿಸಿ!

ಬಟ್ಟಲು-ಗೋಲಿಯ ಆಟವನ್ನೇ ತೆಗೆದುಕೊಳ್ಳಿ. ನಮ್ಮ ಬೀದಿಯ ಬಟ್ಟಲಿಗೆ ನೆತ್ತಿಯ ಮೇಲೊಂದು ಗುಬುಟು ಇರುತ್ತದೆ. ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕೂತು, ಆ ಗುಬುಟನ್ನು ಬೆರಳ ಸಂದಿಯಲ್ಲಿ ಹಿಡಿದು ಬಟ್ಟಲನ್ನು ಎತ್ತಿ ಇಡುತ್ತಾರೆ. ಎತ್ತಿ ಇಡುವ ಆ ಒಂದೇ ಚಲನೆಯಲ್ಲಿ ಅಂಗೈಯ ಗೋಲಿ ಒಳಗೆ ಸೇರಬೇಕು. ಬೇಕಾದ ಹೊತ್ತು ಎವೆ ಬಡಿಯುವಷ್ಟು ಮಾತ್ರ, ಆದರೆ ಅಷ್ಟು ಬೇಕೇ ಬೇಕು. ಉಸ್ತಾದ್ ಗತ್ತಿನಿಂದ ಕೇಳುತ್ತಾನೆ: “ಜಮೂರೇ, ಈ ಸಾಹೇಬರ ಜೇಬಿನಲ್ಲಿ ಏನಿದೆ?” ಹುಡುಗ ಥಟ್ಟನೆ, “ಹೆಂಡತಿ ಬರೆದುಕೊಟ್ಟ ಸಾಮಾನಿನ ಚೀಟಿ, ಉಸ್ತಾದ್!” ಎನ್ನುತ್ತಾನೆ. ಗುಂಪು ಗೊಳ್ಳೆನ್ನುತ್ತದೆ. ಎಲ್ಲರ ಕಣ್ಣೂ ಸಾಹೇಬರ ಮುಖಕ್ಕೆ ಹಾರುತ್ತದೆ. ಸಾಹೇಬರ ಕೈ ತಾನಾಗಿ ಜೇಬಿಗೆ ಹೋಗುತ್ತದೆ. ಅಷ್ಟರಲ್ಲಿ ಗೋಲಿ ಬಟ್ಟಲೊಳಗೆ ಕೂತಾಗಿದೆ! ಉಸ್ತಾದ್ ಮಾತ್ರ ಇನ್ನೂ ಏನೂ ಶುರುಮಾಡದವನ ಹಾಗೆ ಮೀಸೆ ತೀಡುತ್ತಿರುತ್ತಾನೆ.

ನಮ್ಮ ಬಯಲುಸೀಮೆಯ ಹಳ್ಳಿಗಳಲ್ಲಿ ಸುಡುಗಾಡು ಸಿದ್ಧರ ಕೈಚಳಕ ಕಂಡವರಿಗೆ ಇದು ಹೊಸದಲ್ಲ. ಬಟ್ಟಲ ಕೆಳಗಿನಿಂದ ಗೋಲಿ ಬಂತು ಎಂದು ಬಾಯಿ ತೆರೆಯುವಷ್ಟರಲ್ಲಿ ಕಲ್ಲು ಬರುತ್ತದೆ, ಕಲ್ಲನ್ನು ಮುಟ್ಟಿ ನೋಡೋಣ ಎಂದು ಬಗ್ಗುವಷ್ಟರಲ್ಲಿ ಚೇಳು ಬರುತ್ತದೆ. ಅಲ್ಲಿಯೂ ಬಾಯಿಗೆ ಬಿಡುವಿಲ್ಲ. ಊರ ಗೌಡರನ್ನು ಹೊಗಳುತ್ತ, ಎದುರು ಕೂತ ಹುಡುಗರನ್ನು ಕೆಣಕುತ್ತ ಮಾತು ಹರಿಯುತ್ತಲೇ ಇರುತ್ತದೆ. ಆ ಮಾತಿನ ಹೊಳೆಯ ಕೆಳಗೆ ಕೈ ತನ್ನ ಕೆಲಸ ಮಾಡುತ್ತಿರುತ್ತದೆ.

ಈ ಗುಟ್ಟನ್ನು ವಿಜ್ಞಾನ ಬಹಳ ತಡವಾಗಿ ಕೇಳಿಸಿಕೊಂಡಿತು. 2008ರಲ್ಲಿ ‘ನೇಚರ್ ರಿವ್ಯೂಸ್ ನ್ಯೂರೋಸೈನ್ಸ್’ ಎಂಬ ಪ್ರತಿಷ್ಠಿತ ಪತ್ರಿಕೆಯಲ್ಲಿ ಜಾದೂ ಮತ್ತು ಗಮನದ ಬಗ್ಗೆ ಒಂದು ಪ್ರಬಂಧ ಬಂತು. ನರವಿಜ್ಞಾನಿಗಳಾದ ಸ್ಟೀಫನ್ ಮ್ಯಾಕ್ನಿಕ್ ಮತ್ತು ಸುಸಾನಾ ಮಾರ್ಟಿನೆಜ್-ಕೋಂಡೆ ಅವರ ಜೊತೆಗೆ ಲೇಖಕರ ಪಟ್ಟಿಯಲ್ಲಿ ಯಾರಿದ್ದರು ಗೊತ್ತೇ? ಜಾದೂಗಾರರು! ಅವರಲ್ಲೊಬ್ಬ ಟೆಲ್ಲರ್, ಜಗತ್ಪ್ರಸಿದ್ಧ ಪೆನ್ ಮತ್ತು ಟೆಲ್ಲರ್ ಜೋಡಿಯ ಅರ್ಧ. ಇನ್ನೊಬ್ಬ ಜಾನ್ ಥಾಂಪ್ಸನ್, ಹೆಂಡತಿ ಪಮೇಲಾ ಜೊತೆಗೂಡಿ ದಶಕಗಳ ಕಾಲ ಹಾಸ್ಯ-ಜಾದೂ ನಡೆಸಿದವನು. ಅಂದರೆ ಮೆದುಳಿನ ಪಾಠ ಹೇಳಲು ವಿಜ್ಞಾನಿಗಳ ಪಕ್ಕದಲ್ಲಿ ಎರಡು ಹಾಸ್ಯ-ಜಾದೂ ಜೋಡಿಗಳವರು ನಿಂತಿದ್ದರು. ನಮ್ಮ ಗಮನ ಒಂದು ಹೊತ್ತಿಗೆ ಒಂದೇ ಕಡೆ ಚೆನ್ನಾಗಿ ನೆಡುತ್ತದೆ, ನಗು ಅದನ್ನು ಸಡಿಲಿಸುತ್ತದೆ, ಕಣ್ಣು ಎದುರಿಗೇ ಇದ್ದುದನ್ನೂ ಕಾಣದೆ ಹೋಗುತ್ತದೆ. ಚೌಪಾಟಿಯ ಜಮೂರನಿಗೆ ಇದು ಹತ್ತು ವರ್ಷ ತುಂಬುವ ಮುಂಚೆಯೇ ಕರಗತ.

ಪೆನ್ ಮತ್ತು ಟೆಲ್ಲರ್ 1975ರಿಂದ ಜೋಡಿಯಾಗಿ ಆಡುತ್ತ ಬಂದವರು, 2001ರಿಂದ ಲಾಸ್ ವೇಗಸ್ಸಿನ ರಿಯೋ ಹೊಟೇಲಿನಲ್ಲಿ ನೆಲೆಯೂರಿದವರು. ಪೆನ್ ಆಳೆತ್ತರಕ್ಕೂ ಮೀರಿದವನು, ಬಾಯಿಬಡುಕ. ಟೆಲ್ಲರ್ ರಂಗದ ಮೇಲೆ ಮಾತೇ ಆಡುವುದಿಲ್ಲ. ಪಾರದರ್ಶಕ ಲೋಟಗಳಲ್ಲಿ ಗೋಲಿಯಾಟ ಆಡಿ, ಎಲ್ಲವನ್ನೂ ಕಣ್ಣಿಗೆ ಕಾಣುವಂತೆ ಬಿಟ್ಟೂ ಜನರನ್ನು ಬೆಪ್ಪಾಗಿಸುವುದು ಅವರ ಹೆಮ್ಮೆಯ ಆಟ. ಇವರು 2003ರ ತಮ್ಮ ದೂರದರ್ಶನ ಸರಣಿಗಾಗಿ ಚೀನಾ ಮತ್ತು ಈಜಿಪ್ಟಿನ ಜೊತೆ ಭಾರತಕ್ಕೂ ಬಂದಿದ್ದರು, ನಮ್ಮ ಬೀದಿಯ ಜಾದೂ ಹುಡುಕಿಕೊಂಡು! ಅವರಲ್ಲಿ ಸಹಾಯಕನಂತೆ ಕಾಣುವವನು ಮೌನಿ, ನಮ್ಮಲ್ಲಿ ಅವನೇ ಮಾತಿನ ಮಲ್ಲ. ಇಬ್ಬರಲ್ಲಿ ಹೆಚ್ಚು ಕಷ್ಟದ ಕೆಲಸ ಯಾರದು ಎಂದು ಕೇಳಿದರೆ ನಾನು ಎರಡು ಸಲ ಯೋಚಿಸದೆ ಜಮೂರನ ಕಡೆ ಕೈ ತೋರಿಸುತ್ತೇನೆ. ಟೆಲ್ಲರನ ಪ್ರೇಕ್ಷಕ ದುಡ್ಡು ಕೊಟ್ಟು ಕುರ್ಚಿಯಲ್ಲಿ ಕೂತವನು.

ಜಮೂರನ ಮಾತಿನಲ್ಲಿ ಇನ್ನೂ ಒಂದು ಪದರವಿದೆ. ಅವನ ಕಣ್ಣಿಗೆ ಬಟ್ಟೆ ಕಟ್ಟಿ, ನೆಲದ ಮೇಲೆ ಮಲಗಿಸಿ, ಚಾದರ ಹೊದಿಸುತ್ತಾರೆ. ಉಸ್ತಾದ್ ಗುಂಪಿನಲ್ಲಿ ಸುತ್ತುತ್ತ ಒಬ್ಬರ ಗಡಿಯಾರ ಮುಟ್ಟುತ್ತಾನೆ, ಇನ್ನೊಬ್ಬರ ಪೆನ್ನು ಹಿಡಿಯುತ್ತಾನೆ. ಚಾದರದೊಳಗಿಂದ ಉತ್ತರ ಸರಿಯಾಗಿ ಬರುತ್ತದೆ! ಮೈ ಜುಮ್ಮೆನ್ನುತ್ತದೆ. ಈ ಬಗೆಯ ಆಟದ ಕೀಲಿ ಪ್ರಶ್ನೆಯ ಪದಗಳಲ್ಲೇ ಇದೆ. ಉದಾಹರಣೆಗೆ ಬರೀ ‘ಹೇಳು’ ಎಂದರೆ ಗಡಿಯಾರ, ‘ಬೇಗ ಹೇಳು’ ಎಂದರೆ ಪೆನ್ನು, ‘ಸರಿಯಾಗಿ ಹೇಳು’ ಎಂದರೆ ಕನ್ನಡಕ ಎಂದು ಇಬ್ಬರೂ ಮೊದಲೇ ಗೊತ್ತುಮಾಡಿಕೊಂಡಿದ್ದಾರೆ ಎನ್ನಿ. ಬಣ್ಣಕ್ಕೊಂದು ಮಾತು, ಲೋಹಕ್ಕೊಂದು, ಗಂಡಸೋ ಹೆಂಗಸೋ ಎನ್ನುವುದಕ್ಕೊಂದು. ಈ ಉಪಾಯದ ಮೇಲೆಯೇ ಜೂಲಿಯಸ್ ಮತ್ತು ಆಗ್ನೆಸ್ ಜಾನ್ಸಿಗ್ ಎಂಬ ದಂಪತಿ 1906ರ ಲಂಡನ್ನಿನಲ್ಲಿ ದೊಡ್ಡ ಗದ್ದಲ ಎಬ್ಬಿಸಿದರು. ಇವರಿಗೆ ಪರರ ಮನಸ್ಸು ಓದಲು ಬರುತ್ತದೆ ಎಂದು ಓದುಬರಹ ಬಲ್ಲವರೇ ವಾದಕ್ಕೆ ನಿಂತರು. ನಮ್ಮ ಬೀದಿಯಲ್ಲಿ ಅದೇ ಆಟವನ್ನು ಶಾಲೆಯ ಮುಖ ಕಾಣದ ಹುಡುಗ, ಹಾರ್ನುಗಳ ಗದ್ದಲದ ನಡುವೆ, ಮೂರು ಸರಿ ಉತ್ತರಕ್ಕೆ ಒಂದು ತರಲೆ ಉತ್ತರ ಬೆರೆಸಿ ಆಡುತ್ತಾನೆ. ಆ ತರಲೆ ಉತ್ತರವೂ ಲೆಕ್ಕದ್ದೇ. ಎಲ್ಲ ಸರಿಯಾದರೆ ಜನ ಮಾತಿನ ಮೇಲೆ ಅನುಮಾನಪಡುತ್ತಾರೆ. ಒಂದು ತಪ್ಪಿ ನಗು ಬಂದರೆ ಅನುಮಾನ ಕರಗಿಹೋಗುತ್ತದೆ.

ಆಮೇಲೆ ಚಾಕು. ಇಲ್ಲಿಯವರೆಗೆ ಹೊಟ್ಟೆ ಹುಣ್ಣಾಗುವಂತೆ ನಗಿಸಿದ ಅದೇ ಹುಡುಗನ ಕೊರಳಿಗೆ ಉಸ್ತಾದ್ ಚಾಕು ಇಡುತ್ತಾನೆ. ಚಾದರ ಅಲುಗುತ್ತದೆ, ಕೆಂಪಾಗುತ್ತದೆ, ದನಿ ನಿಲ್ಲುತ್ತದೆ. ಮುಂದಿನ ಸಾಲಿನ ಹೆಂಗಸರು ಮುಖ ತಿರುಗಿಸುತ್ತಾರೆ. ಯಾರೂ ಜಾಗ ಬಿಟ್ಟು ಕದಲಬೇಡಿ, ಕದಲಿದರೆ ಹುಡುಗ ಏಳುವುದಿಲ್ಲ ಎಂದು ಉಸ್ತಾದ್ ಗುಡುಗುತ್ತಾನೆ. ಬಟ್ಟಲು ದುಡ್ಡಿಗೆ ಹೊರಡುವುದು ಆ ಹೊತ್ತಿಗೆ! ಆಟ ಮುಗಿದ ಮೇಲೆ ಕೇಳಿದರೆ ಗುಂಪು ಚದುರಿಹೋಗುತ್ತದೆ ಎಂಬುದು ಈ ಕಸುಬಿನವರಿಗೆ ಚೆನ್ನಾಗಿ ಗೊತ್ತು. ಆದ್ದರಿಂದ ಹುಡುಗ ‘ಸತ್ತಿರುವಾಗಲೇ’ ವಸೂಲಿ. ಅವನು ಬದುಕಿ ಎದ್ದು ಒಂದು ಹಲ್ಕಿರಿದು ಏನೋ ಅಂದರೆ ಆಟ ಸಮಾಪ್ತಿ. ಅಷ್ಟು ಹೊತ್ತು ನಗಿಸಿದ್ದಕ್ಕೆ ಇಲ್ಲಿ ಬೆಲೆ ಬರುತ್ತದೆ. ಯಾರೋ ಗುರುತಿಲ್ಲದ ಹುಡುಗನ ಕೊರಳಿಗೆ ಚಾಕು ಬಿದ್ದರೆ ಜನ ಬೆಚ್ಚಿ ಹೊರಟುಹೋಗಬಹುದು. ತಮ್ಮನ್ನು ನಗಿಸಿದವನಿಗಾಗಿ ನಿಲ್ಲುತ್ತಾರೆ.

ಕೇಳುವವನು, ತರಲೆ ಉತ್ತರ ಕೊಡುವವನು: ಈ ಜೋಡಿ ಕನ್ನಡಿಗರಿಗೆ ಗುರುತಿನದೇ. ಯಕ್ಷಗಾನದಲ್ಲಿ ಭಾಗವತರು ಗಂಭೀರವಾಗಿ ಕೇಳುತ್ತಾರೆ, ಹಾಸ್ಯಗಾರ ಅಡ್ಡಡ್ಡ ಉತ್ತರಿಸುತ್ತಾನೆ. ದೊಡ್ಡಾಟದಲ್ಲಿ ಸಾರಥಿ ಇದ್ದಾನೆ. ಮುಂಬಯಿಯ ಕರಾವಳಿ ಮಂದಿ ಊರಿನಿಂದ ತಂದ ಯಕ್ಷಗಾನವನ್ನು ಇಲ್ಲಿ ಇಷ್ಟು ಕಾಲ ಸಾಕಿಕೊಂಡು ಬಂದಿದ್ದಾರೆ. ಅದನ್ನು ಕಂಡ ಕಣ್ಣಿಗೆ ಜಮೂರಾ ಪರಕೀಯನಾಗಿ ಕಂಡಿರಲಾರ. ಅಮೆರಿಕದ ಸಂಸ್ಕೃತ ವಿದ್ವಾಂಸ ಲೀ ಸೀಗಲ್ 1987ರಲ್ಲಿ ‘ಲಾಫಿಂಗ್ ಮ್ಯಾಟರ್ಸ್’ ಎಂದು ಭಾರತದ ಹಾಸ್ಯ ಪರಂಪರೆಯ ಮೇಲೆ ದೊಡ್ಡ ಪುಸ್ತಕ ಬರೆದ. ಮುಂದೆ ದೆಹಲಿಯ ಶಾದಿಪುರದ ಬೀದಿ ಜಾದೂಗಾರರ ಜೊತೆ ತಿರುಗಾಡಿ 1991ರಲ್ಲಿ ‘ನೆಟ್ ಆಫ್ ಮ್ಯಾಜಿಕ್’ ಪ್ರಕಟಿಸಿದ. ನಗುವಿನ ಜಾಡು ಹಿಡಿದು ಹೊರಟವನು ನೇರ ಜಾದೂವಿನ ಅಂಗಳಕ್ಕೆ ಬಂದು ನಿಂತದ್ದು ನೋಡಿ!

ಈ ವೃತ್ತಿಯಲ್ಲಿ ಬಡ್ತಿಯನ್ನು ತೀರ್ಮಾನಿಸುವುದು ಒಂದು ಬುಟ್ಟಿ. ಬುಟ್ಟಿಯ ಆಟದಲ್ಲಿ ಹುಡುಗ ಒಳಗೆ ಮುದುಡಿ ಕೂರಬೇಕು, ಮೇಲಿನಿಂದ ಕತ್ತಿ ತೂರಿಸುವಾಗ ಬುಟ್ಟಿಯ ಹೊಟ್ಟೆಗೆ ಮೈಯನ್ನು ಬಳೆಯಂತೆ ಅಂಟಿಸಿಕೊಳ್ಳಬೇಕು. ಮೈ ಬೆಳೆದು ಬುಟ್ಟಿಗೆ ಹಿಡಿಸದ ದಿನ ಜಮೂರನ ಕೆಲಸ ಮುಗಿಯಿತು. ಆಗ ಅವನೇ ಉಸ್ತಾದ್. ತಮ್ಮನೋ, ಮುಂದೆ ಮಗನೋ ಹೊಸ ಜಮೂರಾ. ಹೀಗೆ ಪ್ರತಿ ಉಸ್ತಾದನೊಳಗೂ ಒಬ್ಬ ಹಳೆಯ ಜಮೂರಾ ಇದ್ದಾನೆ. ಎಲ್ಲಿ ನಗು ಬರುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ, ಯಾವ ಕ್ಷಣಕ್ಕೆ ಕೈ ಆಡಿಸಬಹುದು ಎಂಬುದನ್ನು ಅವನು ನಗಿಸಿಯೇ ಕಲಿತವನು. ಈ ಕಲಿಕೆಯ ಬೆಲೆ ಒಂದು ಬಾಲ್ಯ ಎಂಬುದು ನನ್ನನ್ನು ಕಾಡುತ್ತದೆ. ಕಲೆಯನ್ನು ಎಷ್ಟು ಕೊಂಡಾಡಿದರೂ ಆ ಹುಡುಗನಿಗೆ ಶಾಲೆ ಸಿಗಬೇಕಿತ್ತು ಎಂಬ ಮಾತನ್ನು ನುಂಗಿಕೊಳ್ಳಲು ನನಗೆ ಆಗುವುದಿಲ್ಲ.

ಈಗ ನನ್ನನ್ನು ಕುರ್ಚಿಯಿಂದ ಎಬ್ಬಿಸಿದ ಸಂಗತಿಗೆ ಬರುತ್ತೇನೆ.

ಮಾವಿನ ಗಿಡದ ಆಟ ಕೇಳಿದ್ದೀರಲ್ಲ? ಉಸ್ತಾದ್ ಒಂದು ಮಾವಿನ ಓಟೆಯನ್ನು ಮಣ್ಣಲ್ಲಿ ಹೂಳಿ, ನೀರು ಚಿಮುಕಿಸಿ, ಬಟ್ಟೆ ಮುಚ್ಚುತ್ತಾನೆ. ಜಮೂರನ ಜೊತೆ ಮಾತು, ನಗು, ನಡುವೆ ಇನ್ನೊಂದು ಆಟ. ಬಟ್ಟೆ ಸರಿಸಿದರೆ ಮೊಳಕೆ! ಮತ್ತೆ ಮಾತು, ಮತ್ತೆ ನಗು. ಬಟ್ಟೆ ಸರಿಸಿದರೆ ಎಲೆಯೊಡೆದ ಗಿಡ! 17ನೇ ಶತಮಾನದ ಫ್ರೆಂಚ್ ವರ್ತಕ ಟವೆರ್ನಿಯೇ ಗುಜರಾತಿನಲ್ಲಿ ಇದನ್ನು ಕಂಡು ಬೆರಗಾಗಿ ಬರೆದಿಟ್ಟಿದ್ದಾನೆ. ತಿಂಗಳುಗಟ್ಟಲೆಯ ಬೆಳವಣಿಗೆ ಅರ್ಧ ಗಂಟೆಯಲ್ಲಿ ಕಣ್ಣೆದುರು.

ಇತ್ತ 1901ರ ಹೊತ್ತಿಗೆ ಒಬ್ಬ ಮರಾಠಿ ಯುವಕ ಜರ್ಮನ್ ಜಾದೂಗಾರನೊಬ್ಬನಿಂದ ಜಾದೂ ಕಲಿಯುತ್ತಾನೆ. ತನ್ನ ಹೆಸರಿನ ಅಕ್ಷರಗಳನ್ನು ಹಿಂದುಮುಂದು ಮಾಡಿ ‘ಪ್ರೊಫೆಸರ್ ಕೇಳ್ಫಾ’ ಎಂದು ಪ್ರದರ್ಶನ ಕೊಡುತ್ತಾನೆ. ತಿರುಗಿಸಿ ಓದಿ: ಫಾಳ್ಕೆ! ಹೌದು, ಭಾರತೀಯ ಚಲನಚಿತ್ರದ ಪಿತಾಮಹ ದಾದಾಸಾಹೇಬ್ ಫಾಳ್ಕೆ ಸಿನಿಮಾಕ್ಕೆ ಬರುವ ಮುಂಚೆ ಜಾದೂಗಾರ. 1912ರಲ್ಲಿ ಲಂಡನ್ನಿಗೆ ಹೋಗಿ ಕ್ಯಾಮೆರಾ ಕೊಂಡುತಂದ. ಕೈಯಲ್ಲಿ ದುಡ್ಡಿಲ್ಲ, ಸಾಲ ಕೊಡುವವರಿಗೆ ಸಿನಿಮಾದ ಮೇಲೆ ನಂಬಿಕೆಯಿಲ್ಲ. ಏನು ಮಾಡಿದ? ಒಂದು ಕುಂಡದಲ್ಲಿ ಬಟಾಣಿ ಬಿತ್ತಿದ. ಎದುರಿಗೆ ಕ್ಯಾಮೆರಾ ನೆಟ್ಟು ದಿನದಿನವೂ ಒಂದಿಷ್ಟೇ ಚಿತ್ರ ಹಿಡಿದ. ಒಂದು ತಿಂಗಳಿಗೂ ಹೆಚ್ಚು! ಪರದೆಯ ಮೇಲೆ ಹಾಕಿದರೆ ಬೀಜ ಒಡೆದು, ಮೊಳಕೆ ಎದ್ದು, ಬಳ್ಳಿ ತಲೆಯೆತ್ತುವುದು ಒಂದೇ ಓಟದಲ್ಲಿ ಕಾಣುತ್ತದೆ. ನೋಡಿದವರು ಮೂಗಿನ ಮೇಲೆ ಬೆರಳಿಟ್ಟರು, ಸಾಲ ಹುಟ್ಟಿತು, ‘ರಾಜಾ ಹರಿಶ್ಚಂದ್ರ’ ಹುಟ್ಟಿತು.

ಮಾವಿನ ಓಟೆ, ಬಟಾಣಿ ಕಾಳು. ನನಗಂತೂ ಎರಡೂ ಒಂದೇ ಆಟವಾಗಿ ಕಾಣುತ್ತವೆ. ಉಸ್ತಾದ್ ಗಿಡ ಬದಲಿಸುವ ಹೊತ್ತನ್ನು ನಗುವಿನಲ್ಲಿ ಅಡಗಿಸುತ್ತಿದ್ದ, ಫಾಳ್ಕೆ ದಿನಗಳನ್ನು ಒಂದು ಚಿತ್ರಕ್ಕೂ ಇನ್ನೊಂದು ಚಿತ್ರಕ್ಕೂ ನಡುವೆ ಅಡಗಿಸಿದ. ನೋಡುವವನ ಕಣ್ಣಿನಿಂದ ಕಾಲವನ್ನು ಕದಿಯುವ ವಿದ್ಯೆಯೇ ಎರಡೂ ಕಡೆ.

ಇನ್ನೂ ಇದೆ! 1913ರ ಮೇ 3ರಂದು ಗಿರಗಾಂವಿನ ಕಾರೊನೇಷನ್ ಚಿತ್ರಮಂದಿರದಲ್ಲಿ ‘ರಾಜಾ ಹರಿಶ್ಚಂದ್ರ’ ಬಿಡುಗಡೆಯಾಯಿತು. ಅದರ ಜಾಹೀರಾತು ಓದಿದರೆ ಸೋಜಿಗವಾಗುತ್ತದೆ. ಚಿತ್ರದ ಜೊತೆಗೆ ಅದೇ ಪ್ರದರ್ಶನದಲ್ಲಿ ಮಿಸ್ ಐರಿನ್ ಡೆಲ್ಮಾರ್ ಅವರ ನೃತ್ಯ, ಮ್ಯಾಕ್‌ಕ್ಲೆಮೆಂಟ್ಸ್ ತಂಡದ ಹಾಸ್ಯ ಪ್ರಹಸನ, ಅಲೆಕ್ಸಾಂಡರ್ ಎಂಬವನ ಕಾಲಿನ ಜಗ್ಲಿಂಗ್, ‘ಟಿಪ್-ಟಾಪ್ ಕಾಮಿಕ್ಸ್’. ನಮ್ಮ ಸತ್ಯಸಂಧ ದೊರೆ ಮೊದಲ ಬಾರಿಗೆ ಮುಂಬಯಿಯ ಸಾರ್ವಜನಿಕರ ಮುಂದೆ ಬಂದದ್ದು ಕಾಲಲ್ಲಿ ಚೆಂಡಾಡಿಸುವವನ, ಹಾಸ್ಯಗಾರರ ಜೊತೆಗೆ! ಬೀದಿಯಲ್ಲಿ ಬೇರಾಗದೆ ಕೂಡಿಕೊಂಡಿದ್ದ ಬೆರಗು ಮತ್ತು ನಗು ಚಿತ್ರಮಂದಿರಕ್ಕೂ ಕೈಕೈ ಹಿಡಿದುಕೊಂಡೇ ಬಂದವು. ಮುಂದೆ ಫಾಳ್ಕೆ ಬೆಂಕಿಕಡ್ಡಿಗಳು ತಾವಾಗಿ ಕುಣಿಯುವ ಕಿರುಚಿತ್ರ ಮಾಡಿದ, ತಾನೇ ಜಾದೂ ಮಾಡುವ ಚಿತ್ರವನ್ನೂ ತೆಗೆದ. 1917ರ ‘ಲಂಕಾದಹನ’ದಲ್ಲಿ ಅಣ್ಣಾ ಸಾಳುಂಕೆ ಎಂಬ ನಟನಿಂದ ರಾಮ, ಸೀತೆ ಎರಡೂ ಪಾತ್ರ ಮಾಡಿಸಿದ. ಬೀದಿಯಲ್ಲಿ ಇಬ್ಬರು ಸೇರಿ ಒಂದು ಮಾಯೆ ಕಟ್ಟುತ್ತಿದ್ದರೆ ಇಲ್ಲಿ ಒಬ್ಬನೇ ಇಬ್ಬರಾಗಿದ್ದ. ಈ ಅಣ್ಣಾ ಹಿಂದೆ ಗ್ರ್ಯಾಂಟ್ ರೋಡಿನ ಹೊಟೇಲೊಂದರಲ್ಲಿ ಅಡುಗೆಯವನಾಗಿದ್ದ ಎಂಬುದು ಮುಂಬಯಿಯ ಹೊಟೇಲು ಜಗತ್ತನ್ನು ಬಲ್ಲ ಕನ್ನಡಿಗರಿಗೆ ಸಂತೋಷ ಕೊಡುವ ಸಂಗತಿ.

ಪ್ರೊಫೆಸರ್ ಕೇಳ್ಫಾನ ಹೆಸರಿನಲ್ಲಿ ದಾದರಿನಲ್ಲಿ ಒಂದು ರಸ್ತೆಯಿದೆ. ದೇಶದ ಅತ್ಯುನ್ನತ ಚಲನಚಿತ್ರ ಪ್ರಶಸ್ತಿಯಿದೆ. ಬೀದಿಯ ಉಸ್ತಾದನಿಗೂ ಜಮೂರನಿಗೂ ಈ ನಗರ ಕೊಟ್ಟದ್ದು 1959ರ ಮುಂಬಯಿ ಭಿಕ್ಷಾಟನೆ ತಡೆ ಕಾಯ್ದೆ. ಹಾಡಿ, ಕುಣಿದು, ಭವಿಷ್ಯ ಹೇಳಿ, ಆಟ ತೋರಿಸಿ ಸಾರ್ವಜನಿಕ ಜಾಗದಲ್ಲಿ ಕೈಯೊಡ್ಡುವುದೂ ಅದರ ಪ್ರಕಾರ ಭಿಕ್ಷೆಯೇ. ಆಟ ಬರೀ ನೆಪವಂತೆ! ವಾರಂಟ್ ಇಲ್ಲದೆ ಹಿಡಿಯಬಹುದು. ಮೊದಲ ಸಲ ಸಾಬೀತಾದರೆ ಒಂದರಿಂದ ಮೂರು ವರ್ಷ, ಮತ್ತೆ ಮತ್ತೆ ಸಿಕ್ಕರೆ ಹತ್ತು ವರ್ಷದವರೆಗೂ ನಿರಾಶ್ರಿತರ ಕೇಂದ್ರದಲ್ಲಿ ಕೂಡಿಹಾಕಬಹುದು. ಇದೇ ಕಾಯ್ದೆ ದೆಹಲಿಗೂ ವಿಸ್ತರಿಸಿತ್ತು. ಅಲ್ಲಿನ ಹೈಕೋರ್ಟು 2018ರ ಆಗಸ್ಟಿನಲ್ಲಿ ಭಿಕ್ಷೆಯನ್ನು ಅಪರಾಧವಾಗಿಸುವ ಕಲಮುಗಳನ್ನು ಆ ನಗರದ ಮಟ್ಟಿಗೆ ಹೊಡೆದುಹಾಕಿತು. ಕಾಯ್ದೆ ಹುಟ್ಟಿದ ಮುಂಬಯಿಗೆ ಆ ತೀರ್ಪು ಅನ್ವಯಿಸಲಿಲ್ಲ. ಅಷ್ಟು ವರ್ಷದ ಸಾಧನೆ, ಅಷ್ಟು ನಿಖರ ಲೆಕ್ಕಾಚಾರ, ಗುಂಪನ್ನು ಕಟ್ಟಿ ನಿಲ್ಲಿಸುವ ಆ ಮಾತು, ಇದೆಲ್ಲ ನೆಪವೇ? ಇದನ್ನು ಓದಿದಾಗ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಎಲ್ಲಾದರೂ ಡಮರು ಕೇಳಿಸಿದರೆ ನಿಲ್ಲಿ. ಉಸ್ತಾದನ ಕೈ ನೋಡಬೇಡಿ, ಅದರಿಂದ ಏನೂ ಸಿಗುವುದಿಲ್ಲ. ಅವನ ಜೊತೆಗಾರನನ್ನು ನೋಡಿ. ಅವನು ಯಾವಾಗ ಬಾಯಿ ತೆರೆಯುತ್ತಾನೆ, ಗುಂಪಿನಲ್ಲಿ ಯಾರನ್ನು ಆರಿಸಿಕೊಂಡು ಕೆಣಕುತ್ತಾನೆ, ನಗು ಎದ್ದ ಮರುಕ್ಷಣ ಅವನ ಕಣ್ಣು ಎತ್ತ ಹೋಗುತ್ತದೆ, ಗಮನಿಸಿ. ನಗು ತಡೆಯಲು ಪ್ರಯತ್ನಿಸಿ. ನಿಮ್ಮಿಂದ ಆಗುವುದಿಲ್ಲ. ಚಾದರ ಹೊದಿಸುವ ಹೊತ್ತಿಗೆ ನೋಟು ಕೈಯಲ್ಲಿ ಸಿದ್ಧವಿರಲಿ, ಕೊಡುವಾಗ ‘ಇದು ಹುಡುಗನಿಗೆ’ ಎಂದು ಜೋರಾಗಿ ಹೇಳಿ. ಚಾದರದೊಳಗೆ ಸತ್ತು ಮಲಗಿದವನಿಗೆ ಅದು ಖಂಡಿತ ಕೇಳಿಸುತ್ತದೆ.